ಪಾಂಪೇಗೆ ಒಂದು ದಿನ: ಗೈಡ್ ಜೊತೆ ಎರಡು ಗಂಟೆ, ಆಮೇಲೆ ನಿಮ್ಮದೇ ಮೂರು ಗಂಟೆ

ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ಹಳೆಯ ರೋಮನ್ ಊರು ಪಾಂಪೇಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ರೋಮ್‌ನಿಂದ ಟೂರ್ ಬಸ್ಸಿನಲ್ಲಿ. ಬೆಳಗ್ಗೆ ಏಳಕ್ಕೆ ಹತ್ತಿ ರಾತ್ರಿ ಎಂಟಕ್ಕೆ ಇಳಿದೆವು. ಅಷ್ಟು ಹೊತ್ತಿನಲ್ಲಿ ಊರಿನೊಳಗೆ ಇದ್ದದ್ದು ಬರೀ ಎರಡು ಗಂಟೆ. ದಾರಿಯಲ್ಲಿ ಚಿಪ್ಪಿನ ಮೇಲೆ ಕೆತ್ತನೆ ಮಾಡುವ ಅಂಗಡಿಯೊಂದರಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಊಟಕ್ಕೆ ಒಂದೂವರೆ ಗಂಟೆ ಹೋಯಿತು. ಗೈಡ್ ಒಳ್ಳೆಯವರೇ, ಚೆನ್ನಾಗಿಯೇ ಹೇಳಿದರು. ಆದರೆ ಒಂದು ಬೀದಿ ಇಷ್ಟವಾಯಿತು ಅಂತ ನಿಲ್ಲುವಷ್ಟರಲ್ಲಿ ಬಾವುಟ ಹಿಡಿದವರು ಮುಂದಿನ ತಿರುವಿನಲ್ಲಿ ಇರುತ್ತಿದ್ದರು.

ಎರಡನೇ ಸಲ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ಆಗ ನೇಪಲ್ಸ್‌ನಲ್ಲಿ ಉಳಿದುಕೊಂಡೆವು. ಬೆಳಗ್ಗೆ ರೈಲು ಹಿಡಿದು ಹೋಗಿ, ಗೇಟಿನಲ್ಲಿ ಗೈಡ್ ಜೊತೆ ಸೇರಿಕೊಂಡು ಎರಡು ಗಂಟೆ ಸುತ್ತಿದೆವು. ಅವರು ಹೊರಟ ಮೇಲೆ ನಾವು ಒಳಗೇ ಉಳಿದೆವು. ಮೊದಲ ಸಲ ನೋಡದ ಪಾಂಪೇ ಅವತ್ತು ಕಂಡಿತು. ನೀವೂ ಹಾಗೆಯೇ ಹೋಗಬೇಕು ಎನ್ನುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಗೈಡ್ ಖಂಡಿತ ಬೇಕು, ಆದರೆ ಗೈಡ್ ಹೊರಟರು ಅಂತ ನೀವು ಹೊರಡಬೇಡಿ.

ಮೊದಲು ಎಲ್ಲಿಂದ ಹೋಗುತ್ತೀರಿ ಅಂತ ತೀರ್ಮಾನಿಸಿ

ರೋಮ್‌ನಿಂದ ಪಾಂಪೇಗೆ ರಸ್ತೆಯಲ್ಲಿ ಸುಮಾರು 240 ಕಿಲೋಮೀಟರ್. ಬಸ್ಸಿನಲ್ಲಿ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಒಂದೇ ದಿನದಲ್ಲಿ ಆಗುತ್ತದೆ, ಆದರೆ ದಿನದ ಒಳ್ಳೆಯ ಹೊತ್ತೆಲ್ಲ ಕಿಟಕಿ ಪಕ್ಕದಲ್ಲೇ ಕಳೆಯುತ್ತದೆ. ರೋಮ್ ಬಿಡುವುದು ಸಾಧ್ಯವೇ ಇಲ್ಲ ಎಂದಾದರೆ ವೇಗದ ರೈಲಿನಲ್ಲಿ ನೇಪಲ್ಸ್‌ಗೆ ಬನ್ನಿ. ಒಂದೂಕಾಲು ಗಂಟೆ ಸಾಕು. ಅಲ್ಲಿಂದ ಲೋಕಲ್ ರೈಲು ಹಿಡಿಯಬಹುದು.

ನನ್ನ ಸಲಹೆ ಮಾತ್ರ ನೇಪಲ್ಸ್ ಅಥವಾ ಸೊರೆಂಟೊದಲ್ಲಿ ಎರಡು ರಾತ್ರಿ ಉಳಿಯುವುದು. ನೇಪಲ್ಸ್‌ನಿಂದ ಪಾಂಪೇಗೆ ಮುಕ್ಕಾಲು ಗಂಟೆಯೊಳಗೆ, ಸೊರೆಂಟೊದಿಂದ ಅರ್ಧ ಗಂಟೆಯಲ್ಲಿ ತಲುಪಬಹುದು. ನೇಪಲ್ಸ್‌ನಲ್ಲಿ ಉಳಿದರೆ ಇನ್ನೊಂದು ಲಾಭ ಇದೆ. ಪಾಂಪೇಯಲ್ಲಿ ಸಿಕ್ಕ ಒಳ್ಳೊಳ್ಳೆಯ ವಸ್ತುಗಳೆಲ್ಲ ಇರುವುದು ಆ ಊರಿನ ಮ್ಯೂಸಿಯಂನಲ್ಲಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಯಾವ ತಿಂಗಳು? ಏಪ್ರಿಲ್, ಮೇ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್. ನಮ್ಮ ಮಕ್ಕಳ ಬೇಸಿಗೆ ರಜೆಗೂ ದಸರಾ ರಜೆಗೂ ಇದು ಚೆನ್ನಾಗಿ ಹೊಂದುತ್ತದೆ. ಜುಲೈ, ಆಗಸ್ಟ್ ಬೇಡ. ಊರಿಗೆ ಊರೇ ಕಲ್ಲು, ಮನೆಗಳಿಗೆ ಸೂರಿಲ್ಲ, ನೆರಳು ತೀರಾ ಕಡಿಮೆ. ಬಿಸಿಲು ನಮಗೇನು ಹೊಸದಾ ಅಂತ ಅನಿಸಬಹುದು. ಆದರೆ ಕಪ್ಪು ಕಲ್ಲಿನ ರಸ್ತೆ ಕೆಳಗಿನಿಂದಲೂ ಕಾಯುತ್ತದೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಅವತ್ತು ಜನ ಜಾಸ್ತಿ, ಹಾಗಾಗಿ ಆ ದಿನವನ್ನು ಬಿಟ್ಟುಬಿಡಿ.

ಟೂರ್ ಆರಿಸುವಾಗ ಏನು ಓದಬೇಕು

ಫೋಟೋಗಳನ್ನು ನೋಡಬೇಡಿ. ಎಲ್ಲರೂ ಅದೇ ಕಂಬ, ಅದೇ ವೆಸೂವಿಯಸ್ ಜ್ವಾಲಾಮುಖಿ ಬೆಟ್ಟ ಹಾಕಿರುತ್ತಾರೆ. ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ.

ಪಾಂಪೇ ಒಳಗೆ ಎಷ್ಟು ಹೊತ್ತು ಅಂತ ಮೊದಲು ನೋಡಿ. "ಇಡೀ ದಿನದ ಟೂರ್" ಎಂದು ಬರೆದಿದ್ದರೂ ಒಳಗಿನ ಸಮಯ ಎರಡೇ ಗಂಟೆ ಇರಬಹುದು. ಪ್ರವೇಶದ ಟಿಕೆಟ್ ಸೇರಿದೆಯೋ ಬೇರೆ ಕೊಡಬೇಕೋ ನೋಡಿ. ಗುಂಪಿನಲ್ಲಿ ಎಷ್ಟು ಜನ ಅಂತ ಕೇಳಿ. ಇಪ್ಪತ್ತು ದಾಟಿದರೆ ಮನೆಗಳ ಸಣ್ಣ ಕೋಣೆಗಳಲ್ಲಿ ನಿಮಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ. ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್ ಕೊಡುತ್ತಾರಾ ವಿಚಾರಿಸಿ. ಅದಿದ್ದರೆ ಸ್ವಲ್ಪ ಹಿಂದೆ ಉಳಿದರೂ ಮಾತು ತಪ್ಪುವುದಿಲ್ಲ. ಟೂರ್ ಮುಗಿದ ಮೇಲೆ ಒಳಗೇ ಉಳಿಯಬಹುದಾ ಅನ್ನುವುದು ಕೊನೆಯ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಗೇಟಿನಲ್ಲಿ ಶುರುವಾಗುವ ಟೂರ್ ಆದರೆ ಉಳಿಯಬಹುದು. ಬಸ್ಸಿನ ಟೂರ್ ಆದರೆ ಆಗುವುದಿಲ್ಲ.

ಪಾಂಪೇ ಜೊತೆಗೆ ವೆಸೂವಿಯಸ್ ಅಥವಾ ಅಮಾಲ್ಫಿ ಕರಾವಳಿ ಸೇರಿಸಿದ ಟೂರ್‌ಗಳು ತುಂಬಾ ಇವೆ. ಹಣಕ್ಕೆ ಎರಡು ಜಾಗ ಸಿಕ್ಕಿತು ಅನಿಸುತ್ತದೆ. ನಿಜಕ್ಕೂ ಎರಡೂ ಅರ್ಧರ್ಧ ಆಗುತ್ತವೆ. ಒಂದು ದಿನಕ್ಕೆ ಒಂದೇ ಊರು ಇಟ್ಟುಕೊಳ್ಳಿ.

ಗೈಡ್ ಬಳಿ ಸರ್ಕಾರದ ಪರವಾನಗಿ ಇರಬೇಕು. ಕೊರಳಲ್ಲಿ ಬ್ಯಾಡ್ಜ್ ಹಾಕಿರುತ್ತಾರೆ. ಸ್ಟೇಷನ್ ಹೊರಗೆ ಟಿಕೆಟ್ ಬೇಕಾ, ಗೈಡ್ ಬೇಕಾ ಅಂತ ಹಿಂದೆ ಬರುವವರ ಬಳಿ ನಿಲ್ಲದೆ ನೇರವಾಗಿ ಗೇಟಿಗೆ ಹೋಗಿ. ನೀವು ನಾಲ್ಕೈದು ಜನ ಇದ್ದರೆ ನಿಮಗೆ ಮಾತ್ರ ಒಬ್ಬ ಗೈಡ್ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಖರ್ಚನ್ನು ಹಂಚಿಕೊಂಡರೆ ಗುಂಪಿನ ಟೂರ್‌ಗಿಂತ ಅಷ್ಟೇನೂ ದುಬಾರಿ ಆಗುವುದಿಲ್ಲ. ಅಪ್ಪನ ನಡಿಗೆ ನಿಧಾನ. ನಮ್ಮ ಗೈಡ್ ಅವರ ಹೆಜ್ಜೆಗೆ ಹೆಜ್ಜೆ ಹಾಕಿದರು. ದೊಡ್ಡ ಗುಂಪಿನಲ್ಲಿ ಅದು ಆಗುತ್ತಿರಲಿಲ್ಲ.

ಟಿಕೆಟ್ ಮತ್ತು ಹೆಸರಿನ ವಿಷಯ

2024ರ ನವೆಂಬರ್‌ನಿಂದ ಪಾಂಪೇಗೆ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ. ಟಿಕೆಟ್ ಮೇಲೆ ಹೋಗುವವರ ಹೆಸರು ಇರುತ್ತದೆ. ಜನ ಹೆಚ್ಚಿರುವ ತಿಂಗಳುಗಳಲ್ಲಿ ಒಳಗೆ ಹೋಗುವ ಹೊತ್ತನ್ನೂ ಮೊದಲೇ ಆರಿಸಬೇಕು. ಹಾಗಾಗಿ ಪಾಂಪೇ ಪುರಾತತ್ವ ಉದ್ಯಾನದ ಅಧಿಕೃತ ವೆಬ್‌ಸೈಟ್ ಮೂಲಕ ಮುಂಚೆಯೇ ತೆಗೆದುಕೊಳ್ಳಿ.

ನಮ್ಮವರು ಇಲ್ಲೊಂದು ಎಚ್ಚರ ವಹಿಸಬೇಕು. ನಮ್ಮಲ್ಲಿ ಇನಿಷಿಯಲ್ ಹಾಕಿಕೊಳ್ಳುವ ರೂಢಿ ಇದೆ ಅಲ್ವಾ? ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಅಪ್ಪನ ಹೆಸರಾಗಿಯೋ ಊರಿನ ಹೆಸರಾಗಿಯೋ ಬಿಡಿಸಿ ಬರೆದಿರುತ್ತದೆ. ಟಿಕೆಟ್‌ನಲ್ಲಿಯೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಹೆಸರು ಹಾಕಿ. ಆ ದಿನ ಪಾಸ್‌ಪೋರ್ಟ್ ಜೊತೆಗಿರಲಿ.

18 ವರ್ಷದೊಳಗಿನವರಿಗೆ ಟಿಕೆಟ್ ಉಚಿತ. ವಯಸ್ಸು ತೋರಿಸಲು ಅವರ ಪಾಸ್‌ಪೋರ್ಟ್ ಬೇಕು. ದೊಡ್ಡವರ ಟಿಕೆಟ್‌ನಲ್ಲಿ ಎರಡು ಬಗೆ. ಒಂದು ಊರಿಗೆ ಮಾತ್ರ. ಇನ್ನೊಂದರಲ್ಲಿ ಗೋಡೆಯಾಚೆ ಇರುವ ವಿಲ್ಲಾ ದೇಯಿ ಮಿಸ್ತೇರಿಯಂಥ ಮನೆಗಳೂ ಸೇರಿವೆ. ಒಂದೇ ದಿನ ಇದ್ದು ಮೊದಲ ಸಲ ಹೋಗುತ್ತಿದ್ದರೆ ಊರಿನ ಟಿಕೆಟ್ ಸಾಕು. ಆ ವಿಲ್ಲಾದ ಕೆಂಪು ಗೋಡೆಯ ಚಿತ್ರಗಳು ತುಂಬಾ ಚೆನ್ನಾಗಿವೆ, ನಿಜ. ಆದರೆ ಅದಿರುವುದು ಊರಿನ ಒಂದು ತುದಿಯಲ್ಲಿ. ನಾನು ನಿಮ್ಮನ್ನು ಕಳಿಸಬೇಕು ಅಂದುಕೊಂಡಿರುವ ಜಾಗಗಳು ಇನ್ನೊಂದು ತುದಿಯಲ್ಲಿವೆ.

ಹಿಂದಿನ ರಾತ್ರಿ ಹದಿನೈದು ನಿಮಿಷ

ಕಥೆ ಗೊತ್ತಿದ್ದು ಹೋದರೆ ಕಲ್ಲುಗಳು ಮಾತಾಡುತ್ತವೆ. ಅದಕ್ಕೇ ಇಷ್ಟನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಸಿಡಿಯಿತು. ಬೆಟ್ಟ ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರ. ಆಗಸ್ಟ್ 24 ಅಂತ ಬಹಳ ಕಾಲ ಹೇಳುತ್ತಿದ್ದರು. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಬರಹ ಸಿಕ್ಕಿತು. ಅದರಲ್ಲಿ ನಮ್ಮ ಲೆಕ್ಕಕ್ಕೆ ಅಕ್ಟೋಬರ್ 17 ಆಗುವ ತಾರೀಕು ಇದೆ. ಹಾಗಾಗಿ ಅಕ್ಟೋಬರ್ ಕೊನೆಯಲ್ಲಿ ಆಗಿರಬೇಕು ಅಂತ ಈಗ ಹಲವು ವಿದ್ವಾಂಸರು ಹೇಳುತ್ತಾರೆ.

ಮೊದಲು ಆಕಾಶಕ್ಕೆ ಹೊಗೆಯ ಕಂಬ ಎದ್ದಿತು. ಕೊಲ್ಲಿಯ ಆಚೆ ದಡದಲ್ಲಿದ್ದ ಹದಿನೇಳು ವರ್ಷದ ಹುಡುಗ ಪ್ಲಿನಿ ಅದನ್ನು ಕಣ್ಣಾರೆ ಕಂಡ. ಪೈನ್ ಮರದ ಹಾಗೆ ಉದ್ದಕ್ಕೆ ಎದ್ದು ಮೇಲೆ ಕೊಂಬೆ ಚಾಚಿತ್ತು ಅಂತ ಆಮೇಲೆ ಪತ್ರದಲ್ಲಿ ಬರೆದ. ಅದೇ ಛತ್ರಿಯಂಥ ಪೈನ್ ಮರಗಳನ್ನು ಪಾಂಪೇಯಲ್ಲಿ ಇವತ್ತಿಗೂ ನೋಡುತ್ತೀರಿ. ಗಂಟೆಗಟ್ಟಲೆ ಹಗುರವಾದ ಕಲ್ಲುಚೂರು ಮಳೆಯ ಹಾಗೆ ಸುರಿಯಿತು. ಭಾರಕ್ಕೆ ಮನೆಗಳ ಮಾಡು ಕುಸಿದವು. ತುಂಬಾ ಜನ ಆಗಲೇ ಊರು ಬಿಟ್ಟರು. ಉಳಿದವರ ಮೇಲೆ ಮರುದಿನ ಬೆಳಗ್ಗೆ ಬಿಸಿ ಅನಿಲ ಮತ್ತು ಬೂದಿಯ ಅಲೆ ಬಂದು ಅಪ್ಪಳಿಸಿತು. ಊರು ನಾಲ್ಕರಿಂದ ಆರು ಮೀಟರ್ ಆಳದಲ್ಲಿ ಹೂತುಹೋಯಿತು.

ಅದಕ್ಕೆ ಹದಿನೇಳು ವರ್ಷ ಮೊದಲು, 62ರಲ್ಲಿ, ದೊಡ್ಡ ಭೂಕಂಪ ಆಗಿತ್ತು. ಬೆಟ್ಟ ಸಿಡಿದಾಗ ಊರಿನ ಎಷ್ಟೋ ಕಟ್ಟಡಗಳ ರಿಪೇರಿ ಇನ್ನೂ ನಡೆಯುತ್ತಲೇ ಇತ್ತು. 1748ರಲ್ಲಿ ಅಗೆತ ಶುರುವಾಯಿತು. ಊರಿನ ಒಟ್ಟು ವಿಸ್ತಾರ 66 ಹೆಕ್ಟೇರ್. ಅದರಲ್ಲಿ ಮೂರನೇ ಒಂದು ಭಾಗ ಇವತ್ತಿಗೂ ಮಣ್ಣಿನಡಿಯೇ ಇದೆ.

ಚೀಲ, ಚಪ್ಪಲಿ, ಊಟ

ಓಡಾಡುವ ಬೂಟು ಹಾಕಿ. ಚಪ್ಪಲಿ ಬೇಡವೇ ಬೇಡ. ರಸ್ತೆಯ ಕಲ್ಲುಗಳು ಉಬ್ಬುತಗ್ಗು, ಎಷ್ಟೋ ಕಡೆ ಜಾರುತ್ತವೆ. ಅಮ್ಮ ಸೀರೆ ಬಿಟ್ಟು ಚೂಡಿದಾರ್ ಹಾಕಿದ್ದು ಒಳ್ಳೆಯದೇ ಆಯಿತು. ರಸ್ತೆಯಿಂದ ಪಕ್ಕದ ಕಟ್ಟೆಗೆ ಹತ್ತಿ ಇಳಿಯುವುದು ದಿನವಿಡೀ ಇರುತ್ತದೆ.

ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. 30 ಸೆಂಟಿಮೀಟರ್ ಉದ್ದ, 30 ಅಗಲ, 15 ದಪ್ಪ ಅನ್ನುವುದು ಮಿತಿ. ಅದಕ್ಕಿಂತ ದೊಡ್ಡದನ್ನು ಗೇಟಿನ ಬಳಿಯ ಲಗೇಜ್ ಕೋಣೆಯಲ್ಲಿ ಇಡಬೇಕು. ಆದರೆ ನೀವು ಹೊರಗೆ ಬರುವುದು ಬೇರೆ ಗೇಟಿನಿಂದ. ಆದ್ದರಿಂದ ಚಿಕ್ಕ ಚೀಲವನ್ನೇ ತನ್ನಿ. ಟೋಪಿ, ಖಾಲಿ ನೀರಿನ ಬಾಟಲಿ, ಸ್ವಲ್ಪ ತಿಂಡಿ, ಅಷ್ಟೇ. ನೀರು ಕೊಳ್ಳಬೇಕಿಲ್ಲ. ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ, ತುಂಬಿಸಿಕೊಳ್ಳಬಹುದು.

ಫೋರಂ, ಅಂದರೆ ಊರಿನ ಮುಖ್ಯ ಬಯಲಿನ ಹತ್ತಿರ ಒಂದು ಕೆಫೆ ಇದೆ. ಮಧ್ಯಾಹ್ನ ಅಲ್ಲಿ ಕ್ಯೂ. ಸಸ್ಯಾಹಾರಿಗಳು ಹಿಂದಿನ ದಿನವೇ ಏನಾದರೂ ಕಟ್ಟಿಕೊಳ್ಳುವುದು ಲೇಸು. ನಾವು ಚಪಾತಿ, ಚಟ್ನಿಪುಡಿ ತಂದಿದ್ದೆವು. ಹಳೆಯ ಮನೆಗಳ ಒಳಗೆ ಕೂತು ತಿನ್ನಬೇಡಿ. ಮರಗಳಿರುವ ಬಯಲು ಜಾಗ ಸಿಗುತ್ತದೆ. ಸಂಜೆ ನೇಪಲ್ಸ್‌ಗೆ ಬಂದ ಮೇಲೆ ಪಿಜ್ಜಾ ಇದ್ದೇ ಇದೆ. ಚೀಸ್ ಬೇಡದವರು ಮರಿನಾರಾ ಕೇಳಿ. ಬರೀ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ.

ರೈಲು

ನೇಪಲ್ಸ್‌ನ ಮುಖ್ಯ ಸ್ಟೇಷನ್ನಿನ ಕೆಳಮಹಡಿಯಲ್ಲಿ ಗರಿಬಾಲ್ಡಿ ಎನ್ನುವ ಇನ್ನೊಂದು ಸ್ಟೇಷನ್ ಇದೆ. ಚಿರ್ಕುಮ್‌ವೆಸೂವಿಯಾನಾ ಎನ್ನುವ ಲೋಕಲ್ ರೈಲು ಅಲ್ಲಿಂದ ಹೊರಡುತ್ತದೆ. ಸೊರೆಂಟೊ ಕಡೆಗೆ ಹೋಗುವುದನ್ನೇ ಹತ್ತಬೇಕು. ಇಳಿಯುವ ಸ್ಟೇಷನ್ನಿನ ಹೆಸರು ಪೊಂಪೇಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ. ಸ್ಕಾವಿ ಅಂದರೆ ಅಗೆತದ ಜಾಗ. ಪೊಂಪೇಯಿ ಹೆಸರಿನ ಬೇರೆ ಸ್ಟೇಷನ್‌ಗಳೂ ಇವೆ, ಹಾಗಾಗಿ "ಸ್ಕಾವಿ" ಎಂಬ ಮಾತು ನೆನಪಿರಲಿ.

ರೈಲು ಹಳೆಯದು, ನೂಕುನುಗ್ಗಲು ಜಾಸ್ತಿ. ಚೀಲವನ್ನು ಎದೆಯ ಮುಂದೆ ಹಾಕಿಕೊಳ್ಳಿ. ಟೂರ್ ಒಂಬತ್ತೂವರೆಗೆ ಇದ್ದರೆ ಎಂಟು ಗಂಟೆಯೊಳಗೆ ಸ್ಟೇಷನ್ನಿನಲ್ಲಿರಿ. ರೈಲು ತಡವಾಗುವುದುಂಟು. ಇಳಿದರೆ ಪೋರ್ತಾ ಮರೀನಾ ಗೇಟು ಹತ್ತಿರವೇ ಇದೆ.

ಗೈಡ್ ಜೊತೆಗಿನ ಎರಡು ಗಂಟೆ

ಹೆಚ್ಚಿನ ಟೂರ್‌ಗಳು ಇದೇ ಗೇಟಿನಿಂದ ಒಳಗೆ ಹೋಗುತ್ತವೆ. ಬಸಿಲಿಕಾ, ಅಂದರೆ ಅಂದಿನ ಕೋರ್ಟು. ಅಪೊಲೊ ದೇವಾಲಯ. ಆಮೇಲೆ ಫೋರಂ ಎನ್ನುವ ದೊಡ್ಡ ಬಯಲು, ಹಿಂದೆ ವೆಸೂವಿಯಸ್. ಸ್ನಾನಗೃಹ, ಒಂದೆರಡು ಶ್ರೀಮಂತರ ಮನೆ, ನಾಟಕಶಾಲೆ. ಇಷ್ಟು ಬಹುತೇಕ ಖಚಿತ.

ಸುಮ್ನೆ ಕೇಳುತ್ತಾ ಹೋಗಬೇಡಿ, ಪ್ರಶ್ನೆ ಕೇಳಿ. ಗೈಡ್‌ಗಳಿಗೆ ಪ್ರಶ್ನೆ ಕೇಳುವವರೆಂದರೆ ಇಷ್ಟ. ನಾನು ಮೂರು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದೆ. ಇದರಲ್ಲಿ ಆ ಕಾಲದ್ದು ಯಾವುದು, ಆಮೇಲೆ ಕಟ್ಟಿದ್ದು ಯಾವುದು? ಈ ಮನೆಯ ಕೆಲಸದವರು ಎಲ್ಲಿ ಮಲಗುತ್ತಿದ್ದರು? ಇವತ್ತು ಯಾವ ಮನೆಗಳು ತೆರೆದಿವೆ?

ಮೊದಲ ಪ್ರಶ್ನೆಯಿಂದ ಕಣ್ಣು ತೆರೆಯುತ್ತದೆ. ಈಗ ಕಾಣುವ ಮಾಡುಗಳಲ್ಲಿ ಹೆಚ್ಚಿನವು ಹೊಸದಾಗಿ ಹಾಕಿದವು. 1943ರಲ್ಲಿ ಎರಡನೇ ಮಹಾಯುದ್ಧದ ಬಾಂಬುಗಳೂ ಈ ಊರಿನ ಮೇಲೆ ಬಿದ್ದವು. ಎರಡನೇ ಪ್ರಶ್ನೆಗೆ ನಮ್ಮ ಗೈಡ್ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮನ್ನು ದೊಡ್ಡ ಮನೆಯೊಂದರ ಹಿಂಭಾಗಕ್ಕೆ ಕರೆದೊಯ್ದರು. ಚಿತ್ರವಿಲ್ಲದ, ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ. ಎದುರಿನ ಬಣ್ಣಬಣ್ಣದ ಹಜಾರಕ್ಕಿಂತ ಆ ಕೋಣೆಯೇ ನನ್ನ ಮನಸ್ಸಿನಲ್ಲಿ ಉಳಿದಿದೆ. ಮೂರನೇ ಪ್ರಶ್ನೆ ಯಾಕೆಂದರೆ, ಎಲ್ಲ ಮನೆಗಳೂ ಎಲ್ಲ ದಿನವೂ ತೆರೆದಿರುವುದಿಲ್ಲ. ಸರದಿಯಂತೆ ಮುಚ್ಚುತ್ತಾರೆ.

ಫೋರಂನಲ್ಲಿ ಎಲ್ಲರೂ ಬೆಟ್ಟದ ಫೋಟೋ ತೆಗೆಯುತ್ತಾರೆ. ನೀವು ಪಶ್ಚಿಮದ ಬದಿಯಲ್ಲಿರುವ ಅಳತೆಯ ಕಲ್ಲನ್ನು ತೋರಿಸಿ ಅಂತ ಕೇಳಿ. ಕಲ್ಲಿನ ಮೇಜಿನಲ್ಲಿ ಬೇರೆ ಬೇರೆ ಗಾತ್ರದ ಗುಂಡಿಗಳಿವೆ. ಕೆಳಗೆ ತೂತು. ಕಾಳು ಅಳೆಯಲು ಅದೇ ಸರ್ಕಾರಿ ಅಳತೆ. ಸೇರು, ಪಾವು ನೋಡಿ ಬೆಳೆದವರಿಗೆ ವಿವರಣೆಯೇ ಬೇಕಿಲ್ಲ.

ವೇಶ್ಯಾಗೃಹವನ್ನೂ ಹೆಚ್ಚಿನ ಟೂರ್‌ಗಳು ತೋರಿಸುತ್ತವೆ. ಇಕ್ಕಟ್ಟಾದ ಕೋಣೆ, ಕಲ್ಲಿನ ಮಂಚ, ಗೋಡೆಯ ಮೇಲೆ ಚಿತ್ರ. ಹೊರಗೆ ಉದ್ದನೆಯ ಕ್ಯೂ. ಜನ ನಗುತ್ತಾ ಒಳಗೆ ಹೋಗುತ್ತಾರೆ. ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಗುಲಾಮರು. ಅದನ್ನು ಹೇಳದ ಗೈಡ್ ಅಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮಕ್ಕಳ ಜೊತೆ ಇದ್ದರೆ ಬೇಡ ಅಂತ ಮೊದಲೇ ಹೇಳಿ. ಆ ಇಪ್ಪತ್ತು ನಿಮಿಷವನ್ನು ಬೇರೆಡೆ ಕೊಡುತ್ತಾರೆ.

ಗೈಡ್ ಹೊರಟ ಮೇಲೆ

ಈಗ ಹೊತ್ತು ಹನ್ನೊಂದೂವರೆ ಅಥವಾ ಹನ್ನೆರಡು. ಹತ್ತು ನಿಮಿಷ ನೆರಳಿನಲ್ಲಿ ಕೂತು ಏನಾದರೂ ತಿನ್ನಿ. ಆಮೇಲೆ ಫೋರಂನಿಂದ ಪೂರ್ವಕ್ಕೆ ಹೋಗುವ ವಿಯಾ ದೆಲ್ಲಬೊಂದಾಂತ್ಸಾ ಎನ್ನುವ ಬೀದಿ ಹಿಡಿಯಿರಿ. ಪಾಂಪೇಯ ದೊಡ್ಡ ಬೀದಿ ಇದು. ಒಂದು ಕಿಲೋಮೀಟರಿಗಿಂತ ಕಡಿಮೆ ಉದ್ದ. ಆದರೆ ಎರಡು ಗಂಟೆ ಇಟ್ಟುಕೊಳ್ಳಿ.

ಮೊದಲು ಕೆಳಗೆ ನೋಡಿ. ಕಲ್ಲಿನಲ್ಲಿ ಗಾಡಿಯ ಚಕ್ರ ತೇದ ಗೀರು ಆಳವಾಗಿ ಬಿದ್ದಿದೆ. ಅಲ್ಲಲ್ಲಿ ರಸ್ತೆ ದಾಟಲು ಎತ್ತರದ ಹೆಜ್ಜೆಕಲ್ಲುಗಳಿವೆ. ಕಲ್ಲುಗಳ ನಡುವೆ ಚಕ್ರ ಹಾಯುವಷ್ಟೇ ಜಾಗ. ಕಾರಂಜಿಗಳಿಂದ ಉಕ್ಕಿದ ನೀರು, ಮಳೆ ನೀರು, ಕೊಳಕು ಎಲ್ಲ ಈ ರಸ್ತೆಯಲ್ಲೇ ಹರಿಯುತ್ತಿತ್ತು. ಕಾಲು ಒದ್ದೆಯಾಗದೆ ದಾಟಲು ಈ ಉಪಾಯ. ಒಂದು ಸಲ ಆ ಕಲ್ಲುಗಳ ಮೇಲೆ ಕಾಲಿಟ್ಟು ದಾಟಿ ನೋಡಿ.

ಮೂಲೆಗಳಲ್ಲಿ ಬೀದಿ ನಲ್ಲಿಗಳಿವೆ. ಇಡೀ ಊರಿನಲ್ಲಿ ಸುಮಾರು 40. ಈ ಬೀದಿಯ ಒಂದು ನಲ್ಲಿಯ ಕಲ್ಲಿನಲ್ಲಿ ಹಣ್ಣು ತುಂಬಿದ ಕೊಂಬು ಹಿಡಿದ ದೇವತೆಯ ಮುಖ ಇದೆ. ಸಮೃದ್ಧಿಯ ದೇವತೆ ಅಂತ ತಿಳಿದು ಬೀದಿಗೂ ಅದೇ ಹೆಸರು ಇಟ್ಟರು, ಅಬೊಂದಾಂತ್ಸಾ ಅಂದರೆ ಸಮೃದ್ಧಿ. ತೊಟ್ಟಿಯ ಅಂಚನ್ನು ಗಮನಿಸಿ. ಬಗ್ಗಿ ನೀರು ಕುಡಿಯುವಾಗ ಜನ ಕೈ ಊರಿದ ಜಾಗ ಸವೆದು ನುಣುಪಾಗಿದೆ. ಅಮ್ಮ ಅಲ್ಲಿ ತನ್ನ ಅಂಗೈ ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಬಹಳ ಹೊತ್ತು ತೆಗೆಯಲೇ ಇಲ್ಲ.

ಬೀದಿಯ ಎರಡೂ ಕಡೆ ಅಂಗಡಿಗಳು. ಕಲ್ಲಿನ ಕಟ್ಟೆಯಲ್ಲಿ ದುಂಡಗೆ ಕೊರೆದು ಮಡಕೆ ಕೂರಿಸಿದ್ದರೆ ಅದು ತಿಂಡಿ-ಪಾನೀಯದ ಹೋಟೆಲ್. ಮನೆಯಲ್ಲಿ ಅಡುಗೆಮನೆ ಇಲ್ಲದ ಬಡವರ ಊಟ ಹೆಚ್ಚಾಗಿ ಇಂಥ ಕಡೆ. ವೆತುತಿಯುಸ್ ಪ್ಲಾಚಿದುಸ್ ಎಂಬವನ ಹೋಟೆಲ್ ಈ ಬೀದಿಯಲ್ಲೇ ಇದೆ. ಅಲ್ಲಿನ ಒಂದು ಮಡಕೆಯಲ್ಲಿ ಸುಮಾರು ಮೂರು ಕಿಲೋ ತೂಕದ ನಾಣ್ಯಗಳು ಸಿಕ್ಕವು. ತೆಗೆದುಕೊಂಡು ಹೋಗಲು ಅವನಿಗೆ ಪುರುಸೊತ್ತಾಗಲಿಲ್ಲ. ಹಿಂದಿನ ಗೋಡೆಯಲ್ಲಿ ದೇವರ ಗೂಡು ಇದೆ. ವ್ಯಾಪಾರದ ದೇವರು, ದ್ರಾಕ್ಷಾರಸದ ದೇವರು, ಕೆಳಗೆ ಎರಡು ಹಾವು. ಅಪ್ಪ "ನಾಗಪ್ಪ ಇಲ್ಲೂ ಇದ್ದಾನಲ್ಲ" ಅಂದರು. ರೋಮನ್ನರ ಮನೆಗಳಲ್ಲಿಯೂ ಹಾವು ಜಾಗವನ್ನು ಕಾಯುವ ದೈವವೇ.

ಗೋಡೆಗಳ ಮೇಲೆ ಕೆಂಪು ಅಕ್ಷರ ಕಂಡರೆ ಅದು ಚುನಾವಣಾ ಪ್ರಚಾರ. ಇಂಥವನಿಗೆ ಮತ ಕೊಡಿ, ಇವನು ಯೋಗ್ಯ ಅಂತ ಬರೆದಿರುತ್ತಾರೆ. ಊರಿನಲ್ಲಿ ಇಂಥವು ಸಾವಿರಾರು ಸಿಕ್ಕಿವೆ. ಹೆಂಗಸರಿಗೆ ಮತ ಇರಲಿಲ್ಲ. ಆದರೂ ಹೆಂಗಸರ ಹೆಸರಿನಲ್ಲಿ ಬರೆಸಿದ ಪ್ರಚಾರಗಳೂ ಅವುಗಳಲ್ಲಿವೆ.

ಒಂದು ಬೇಕರಿಯನ್ನಾದರೂ ಹುಡುಕಿ. ಊರಲ್ಲಿ ಮೂವತ್ತಕ್ಕೂ ಹೆಚ್ಚು ಇದ್ದವು. ಲಾವಾ ಕಲ್ಲಿನ ಎತ್ತರದ ಬೀಸುವ ಕಲ್ಲುಗಳು, ಪಕ್ಕದಲ್ಲಿ ಇಟ್ಟಿಗೆಯ ಒಲೆ. ಕತ್ತೆ ಅಥವಾ ಗುಲಾಮರು ಸುತ್ತುತ್ತಾ ಬೀಸುತ್ತಿದ್ದರು. ಮೊದೆಸ್ತುಸ್ ಎಂಬವನ ಬೇಕರಿಯ ಒಲೆಯೊಳಗೆ 81 ರೊಟ್ಟಿಗಳು ಕಪ್ಪಗೆ ಸುಟ್ಟು ಹಾಗೇ ಸಿಕ್ಕವು. ಅವತ್ತು ಬೆಳಗ್ಗೆ ಒಲೆಗೆ ಹಾಕಿದ್ದವು.

ಸ್ತೆಫಾನುಸ್ ಎಂಬವನ ಬಟ್ಟೆ ಒಗೆಯುವ ಜಾಗವೂ ಇದೇ ದಾರಿಯಲ್ಲಿದೆ. ತೊಟ್ಟಿಗಳಲ್ಲಿ ಬಟ್ಟೆ ತುಳಿದು ಒಗೆಯುತ್ತಿದ್ದರು. ಸೋಪಿನ ಬದಲು ಮೂತ್ರ ಬಳಸುತ್ತಿದ್ದರು, ಅದರ ಅಮೋನಿಯಾ ಕೊಳೆ ತೆಗೆಯುತ್ತದೆ. ಮಕ್ಕಳಿಗೆ ಇಡೀ ದಿನದಲ್ಲಿ ಚೆನ್ನಾಗಿ ನೆನಪಿರುವುದು ಇದೇ ಇರಬಹುದು.

ಓಡಿಹೋಗುತ್ತಿದ್ದವರ ತೋಟ

ಬೀದಿಯಿಂದ ದಕ್ಷಿಣಕ್ಕೆ ತಿರುಗಿದರೆ ದ್ರಾಕ್ಷಿ ತೋಟವೊಂದು ಸಿಗುತ್ತದೆ. ಓಡಿಹೋಗುತ್ತಿದ್ದವರ ತೋಟ ಅಂತ ಅದರ ಹೆಸರು. ಗೋಡೆಯ ಪಕ್ಕದಲ್ಲಿ ಗಾಜಿನ ಹಿಂದೆ 13 ಜನ. ದೊಡ್ಡವರು, ಮಕ್ಕಳು. ಊರ ಬಾಗಿಲು ಹತ್ತಿರವೇ ಇತ್ತು.

ಇವು ಮೂರ್ತಿಗಳಲ್ಲ. ಬೂದಿ ಗಟ್ಟಿಯಾದ ಮೇಲೆ ಒಳಗಿನ ದೇಹ ಕರಗಿ ಟೊಳ್ಳು ಉಳಿಯಿತು. ಇಂಥ ಟೊಳ್ಳಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಸುತ್ತಲಿನ ಬೂದಿ ತೆಗೆಯುವ ಉಪಾಯವನ್ನು 1863ರಲ್ಲಿ ಪುರಾತತ್ವಜ್ಞ ಜುಸೆಪ್ಪೆ ಫಿಯೊರೆಲ್ಲಿ ಬಳಕೆಗೆ ತಂದ. ಸತ್ತವರ ಕೊನೆಯ ಗಳಿಗೆಯ ಆಕಾರ ಹಾಗೆಯೇ ಬಂತು. ಒಳಗೆ ಅವರ ಎಲುಬುಗಳೂ ಇವೆ. ಅಂದರೆ ನೀವು ನಿಂತಿರುವುದು ಮನುಷ್ಯರ ಮುಂದೆಯೇ. ಸೆಲ್ಫಿ ತೆಗೆಯಬೇಡಿ ಅಂತ ಬೇಡಿಕೊಳ್ಳುತ್ತೇನೆ. ಅಮ್ಮ ಸ್ವಲ್ಪ ದೂರದಲ್ಲಿ ನಿಂತು ಕೈ ಮುಗಿದಳು. ನನಗೂ ಅದೇ ಸರಿ ಅನಿಸಿತು.

ಇವರು ತಾಯಿ-ಮಗು, ಇವರು ಪ್ರೇಮಿಗಳು ಅಂತ ಇಂಥ ಅಚ್ಚುಗಳ ಬಗ್ಗೆ ಕಥೆ ಕೇಳಿದರೆ ಕೂಡಲೇ ನಂಬಬೇಡಿ. ಊರಿನ ಇನ್ನೊಂದು ಮನೆಯಲ್ಲಿ ಸಿಕ್ಕ, ಕೈಗೆ ಚಿನ್ನದ ಬಳೆ ಹಾಕಿದ್ದವರನ್ನು ಬಹಳ ಕಾಲ ಮಗುವಿನ ತಾಯಿ ಎಂದೇ ಹೇಳುತ್ತಿದ್ದರು. 2024ರಲ್ಲಿ ಡಿಎನ್ಎ ಪರೀಕ್ಷೆಯ ಫಲಿತಾಂಶ ಬಂತು. ಅದು ಗಂಡಸು, ಆ ಮಗುವಿಗೂ ಅವನಿಗೂ ರಕ್ತಸಂಬಂಧ ಇರಲಿಲ್ಲ. ಹಾಗಿದ್ದೂ ಕೊನೆಯಲ್ಲಿ ಇಬ್ಬರೂ ಒಟ್ಟಿಗಿದ್ದರು.

ಇಲ್ಲಿಂದ ಆಂಫಿಥಿಯೇಟರ್, ಅಂದರೆ ಸುತ್ತಲೂ ಕೂತು ಪಂದ್ಯ ನೋಡುವ ಅಂಗಳ, ಹತ್ತಿರ. ಕ್ರಿಸ್ತಪೂರ್ವ 70ರ ಸುಮಾರಿಗೆ ಕಟ್ಟಿದ್ದು. ಕಲ್ಲಿನ ಆಂಫಿಥಿಯೇಟರ್‌ಗಳಲ್ಲಿ ಗೊತ್ತಿರುವಷ್ಟರಲ್ಲಿ ತೀರಾ ಹಳೆಯದು. 20,000 ಜನ ಕೂರಬಹುದಿತ್ತು. 59ರಲ್ಲಿ ಪಂದ್ಯ ನೋಡಲು ಬಂದ ಪಕ್ಕದ ಊರಿನವರಿಗೂ ಇವರಿಗೂ ಹೊಡೆದಾಟವಾಗಿ ಹಲವರು ಸತ್ತರು. ರೋಮ್‌ನ ಸೆನೆಟ್ ಹತ್ತು ವರ್ಷ ಪಂದ್ಯಗಳನ್ನೇ ನಿಷೇಧಿಸಿತು. ಒಳಗೆ ಹೋಗಿ ನಡುವೆ ನಿಂತುಕೊಳ್ಳಿ. ಈ ಹೊತ್ತಿಗೆ ಗುಂಪುಗಳೆಲ್ಲ ಫೋರಂ ಕಡೆಯೇ ಇರುತ್ತವೆ. ಇಲ್ಲಿ ಹಕ್ಕಿಗಳ ಸದ್ದು ಕೇಳುತ್ತದೆ.

ಹೊರಗೆ ಹೋಗಲು ಪಿಯಾತ್ಸಾ ಆಂಫಿತೆಯಾತ್ರೋ ಗೇಟು ಪಕ್ಕದಲ್ಲೇ. ಬಂದ ಸ್ಟೇಷನ್ನಿಗೆ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡಿಗೆ. ಈ ಕಡೆ ಇರುವ ಇನ್ನೊಂದು ಸ್ಟೇಷನ್ ಬೇರೆ ಮಾರ್ಗದ್ದು. ಅಲ್ಲಿಂದ ಸೊರೆಂಟೊಗೆ ರೈಲಿಲ್ಲ, ನೇಪಲ್ಸ್‌ಗೆ ಹೋಗುವವರಿಗೆ ಪರವಾಗಿಲ್ಲ.

ವಯಸ್ಸಾದವರು ಜೊತೆಗಿದ್ದರೆ

ಮಂಡಿ ನೋವಿನವರಿಗೆ ಹೆಜ್ಜೆಕಲ್ಲು, ಎತ್ತರದ ಕಟ್ಟೆ ಕಷ್ಟ. ಅವರಿಗಾಗಿಯೇ ಸಮತಟ್ಟು ಮಾಡಿದ ದಾರಿಯೊಂದಿದೆ. ಸುಮಾರು ಮೂರೂವರೆ ಕಿಲೋಮೀಟರ್, ಆಂಫಿಥಿಯೇಟರ್ ಗೇಟಿನಿಂದ ಫೋರಂ ಕಡೆಗೆ ಹೋಗುತ್ತದೆ. ಗಾಲಿಕುರ್ಚಿಯೂ ಹೋಗುತ್ತದೆ. ಅಂಥವರು ನಾನು ಹೇಳಿದ ದಾರಿಯನ್ನು ಉಲ್ಟಾ ಮಾಡಿ, ಗೈಡ್‌ಗೂ ಆ ಗೇಟಿಗೇ ಬರಲು ಹೇಳಿ. ಅಪ್ಪ ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಕೂರುತ್ತಿದ್ದರು. ಕೂತಾಗಲೇ ಹೆಚ್ಚು ನೋಡಿದೆವು. ಟಾಯ್ಲೆಟ್ ಕಂಡಾಗಲೆಲ್ಲ ಹೋಗಿಬರಲಿ, ಮುಂದಿನದು ದೂರ ಇರಬಹುದು.

ಮರುದಿನ ಮ್ಯೂಸಿಯಂ

ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ಅದನ್ನು ನೋಡಿಕೊಂಡು ಪಾಂಪೇಯ ದಿನವನ್ನು ಗೊತ್ತು ಮಾಡಿ. ಬಣ್ಣದ ಕಲ್ಲುಚೂರು ಜೋಡಿಸಿ ಮಾಡಿದ ಅಲೆಕ್ಸಾಂಡರ್ ಯುದ್ಧದ ಮೊಸಾಯಿಕ್, ಸುಟ್ಟ ರೊಟ್ಟಿ, ಆಂಫಿಥಿಯೇಟರ್ ಗಲಾಟೆಯ ಚಿತ್ರ, ಎಲ್ಲ ಇಲ್ಲಿದೆ.

ಆದರೆ ನೀವು ತಪ್ಪದೆ ನೋಡಬೇಕಾದದ್ದು ರಹಸ್ಯ ಕೋಣೆ ಎಂದು ಕರೆಯುವ ವಿಭಾಗದಲ್ಲಿರುವ ಒಂದು ಸಣ್ಣ ದಂತದ ಗೊಂಬೆ. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಕೈತುಂಬ ಬಳೆ, ಸೊಂಟಕ್ಕೆ ಪಟ್ಟಿ, ಕಾಲ್ಗಡಗ. ಎರಡೂ ಬದಿಯಲ್ಲಿ ಸಖಿಯರು. ಭಾರತದಲ್ಲಿ ಮಾಡಿದ್ದು. 1938ರಲ್ಲಿ ಪುರಾತತ್ವಜ್ಞ ಅಮೆದೆಯೊ ಮಯೂರಿ ಇದನ್ನು ಅಗೆದು ತೆಗೆದರು. ಸಿಕ್ಕಿದ್ದು ನೀವು ನಿನ್ನೆ ನಡೆದ ಅದೇ ದೊಡ್ಡ ಬೀದಿಯ ಮನೆಯೊಂದರಲ್ಲಿ. ಮೊದಲು ಲಕ್ಷ್ಮಿ ಅಂದರು. ಯಕ್ಷಿ ಇರಬೇಕು ಅಂತ ಈಗ ಹಲವರು ಹೇಳುತ್ತಾರೆ.

ಭಾರತದ ಜೊತೆ ರೋಮ್‌ಗೆ ದೊಡ್ಡ ವ್ಯಾಪಾರ ಇತ್ತು. ಮುಖ್ಯವಾಗಿ ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಎನ್ನುವ ರೋಮನ್ ನಾಣ್ಯ ಭಾರತಕ್ಕೆ ಹೋಗುತ್ತಿದೆ ಅಂತ ಹಿರಿಯ ಪ್ಲಿನಿ ದೂರಿದ್ದ. ಪತ್ರ ಬರೆದ ಹುಡುಗನ ಸೋದರಮಾವ ಅವನು. ವೆಸೂವಿಯಸ್ ಸಿಡಿದಾಗ ಜನರನ್ನು ಕಾಪಾಡಲು ಹಡಗು ತೆಗೆದುಕೊಂಡು ಹೋಗಿ, ಪಾಂಪೇಯ ಹತ್ತಿರದ ಸ್ಟಾಬಿಯೆ ಎಂಬಲ್ಲಿ ತೀರಿಕೊಂಡ. ಆ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ.

ಅಮ್ಮನಿಗೆ ಇದನ್ನೆಲ್ಲ ಗಾಜಿನ ಮುಂದೆ ನಿಂತು ಹೇಳಿದೆ. ಅವಳು ಗೊಂಬೆಯ ಹಿಂಭಾಗಕ್ಕೆ ಹೋಗಿ ಜಡೆ ನೋಡುತ್ತಿದ್ದಳು. ಹೇಗೆ ಹೆಣೆದಿದ್ದಾರೆ ನೋಡು ಅಂತ ನನ್ನನ್ನು ಕರೆದಳು.